ಡಚ್ ಚಿತ್ರಗಳ ಅಡಿಗೆಮನೆ

ಕೆಲವು ವರ್ಷಗಳ ಕೆಳಗೆ ನಮ್ಮ ಊರಿನ ಒಂದು ಸಣ್ಣ ಸಭೆಯಲ್ಲಿ ಹಾಲೆಂಡಿನ ಹಳೆಯ ಚಿತ್ರಗಳನ್ನು ಕುರಿತು ಮಾತನಾಡುವ ಸಂದರ್ಭ ನನಗೆ ಒದಗಿತ್ತು. ಪರದೆಯ ಮೇಲೆ ಒಂದೊಂದಾಗಿ ಚಿತ್ರಗಳನ್ನು ತೋರಿಸುತ್ತ, ಇಟಲಿಯ ಕಲಾವಿದರು ದೇವತೆಗಳನ್ನೂ ದೊರೆಗಳನ್ನೂ ಬರೆದರು, ಡಚ್ಚರಾದರೋ ಬಡವರ ಅಡಿಗೆಮನೆಯೊಳಕ್ಕೆ ಬಂದು ಅಲ್ಲಿಯ ಬದುಕಿಗೆ ಮಾನ ತಂದುಕೊಟ್ಟರು ಎಂದು ಆವೇಶದಿಂದಲೇ ಹೇಳಿದೆ. ಚಪ್ಪಾಳೆಯೂ ಬಿತ್ತು. ಕೊನೆಗೆ ವರ್ಮೀರನ 'ಹಾಲು ಸುರಿಯುವವಳು' ಪರದೆಯ ಮೇಲೆ ನಿಂತಿದ್ದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು, "ಆಕೆಯ ಹೆಸರೇನಪ್ಪ?" ಎಂದು ಕೇಳಿದರು. ತಿಳಿಯದು ಎಂದೆ. "ಮಾನ ಕೊಟ್ಟರು ಅಂತೀಯ, ಹೆಸರು ಬರೆದಿಡಲಿಲ್ಲವೆ?" ಎಂದು ಹೇಳಿ ಅವರು ಸುಮ್ಮನಾದರು.

ಅಂದು ನಾನು ಏನೋ ಒಂದು ಸಮಾಧಾನ ಹೇಳಿ ಪಾರಾದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಆಮೇಲೆ ಆ ಚಿತ್ರಗಳನ್ನು ಮತ್ತೆ ನೋಡಿದ್ದೇನೆ, ಅವುಗಳ ವಿಷಯವಾಗಿ ಬಲ್ಲವರು ಬರೆದುದನ್ನು ಓದಿದ್ದೇನೆ. ಸಭೆಯಲ್ಲಿ ಆಡಿದ ಮಾತಿನಲ್ಲಿ ಅರ್ಧದಷ್ಟು ಮಾತ್ರ ನಿಜ ಎಂದು ಈಗ ನನಗೆ ಮನದಟ್ಟಾಗಿದೆ. ಉಳಿದರ್ಧವನ್ನು ತಿದ್ದಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ಈ ಚಿತ್ರಗಳು ಹುಟ್ಟಿದ ನೆಲದ ಮಾತು. 17ನೆಯ ಶತಮಾನದ ಹಾಲೆಂಡ್ ಸ್ಪೇನಿನ ಆಳ್ವಿಕೆಯ ವಿರುದ್ಧ ದೀರ್ಘಕಾಲ ಹೋರಾಡಿ 1648ರಲ್ಲಿ ತನ್ನ ಸ್ವಾತಂತ್ರ್ಯಕ್ಕೆ ಮನ್ನಣೆ ಪಡೆದ ಗಣರಾಜ್ಯ. ಅಲ್ಲಿ ಪ್ರಬಲವಾಗಿದ್ದ ಕ್ಯಾಲ್ವಿನ್ ಪಂಥದ ಚರ್ಚುಗಳಲ್ಲಿ ಪೂಜಾಪೀಠದ ಮೇಲೆ ಚಿತ್ರಗಳಿಗೆ ಎಡೆಯಿರಲಿಲ್ಲ. ಇಟಲಿಯಲ್ಲೂ ಸ್ಪೇನಿನಲ್ಲೂ ಕಲಾವಿದರನ್ನು ಸಾಕಿದ ಚರ್ಚು, ಅರಮನೆಗಳೆರಡೂ ಇಲ್ಲಿನ ಚಿತ್ರಕಾರನಿಗೆ ಹೆಚ್ಚಾಗಿ ಒದಗಲಿಲ್ಲ. ಅವನು ಪೇಟೆಯನ್ನು ನಂಬಬೇಕಾಯಿತು. ವ್ಯಾಪಾರಿಗಳು, ಬಟ್ಟೆ ನೇಯಿಸುವವರು, ಬೀರು ಕಾಯಿಸುವವರು, ವಕೀಲರು, ರೊಟ್ಟಿ ಸುಡುವವರು ಅವನ ಗಿರಾಕಿಗಳು. ಅವರ ಗೋಡೆಗೆ ಹೊಂದುವಂತೆ ಚಿತ್ರಗಳ ಅಳತೆ ಕಿರಿದಾಯಿತು, ವಸ್ತುವೂ ಮನೆಗೆ ಹತ್ತಿರವಾಯಿತು. 1641ರಲ್ಲಿ ರಾಟರ್‌ಡಾಮಿನ ಜಾತ್ರೆಯನ್ನು ನೋಡಿದ ಇಂಗ್ಲಿಷರ ಜಾನ್ ಈವ್ಲಿನ್, ರೈತರು ಕೂಡ ಚಿತ್ರಗಳನ್ನು ಕೊಳ್ಳುತ್ತಾರೆಂದು ತನ್ನ ದಿನಚರಿಯಲ್ಲಿ ಬೆರಗಿನಿಂದ ಬರೆದುಕೊಂಡ. ಆ ಕಾಲದ ಆಸ್ತಿಪಟ್ಟಿಗಳನ್ನು ಶೋಧಿಸಿದ ವಿದ್ವಾಂಸರು ಈ ಮಾತಿನಲ್ಲಿ ಉತ್ಪ್ರೇಕ್ಷೆಯಿದೆ ಎನ್ನುತ್ತಾರೆ. ಆದರೂ ಕಮ್ಮಾರನ ಮನೆಯಲ್ಲಿ, ಬಡಗಿಯ ಮನೆಯಲ್ಲಿ ಒಂದೆರಡು ಚಿತ್ರಗಳು ತೂಗುತ್ತಿದ್ದುದು ಸುಳ್ಳಲ್ಲ. ಅಗ್ಗದ ಚಿತ್ರ ಬೇರೆ, ನಾವು ಇಂದು ವಸ್ತುಸಂಗ್ರಹಾಲಯಗಳಲ್ಲಿ ಮೆಚ್ಚಿ ನಿಲ್ಲುವ ಚಿತ್ರ ಬೇರೆ. ಎರಡನೆಯದನ್ನು ಕೊಂಡವರು ಬಡವರಲ್ಲ. ಇದನ್ನು ಮೊದಲೇ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈ ಗೃಹಚಿತ್ರಗಳನ್ನು ಹೇಗೆ ಓದಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರಿಗೆ ಇವು ನೀತಿಪಾಠಗಳು. ಬಾಚಣಿಗೆಯೆಂದರೆ ಮನಶ್ಶುದ್ಧಿ, ಬೆಕ್ಕೆಂದರೆ ದುರಾಸೆ, ಕಾಲು ಕಾಯಿಸುವ ಕೆಂಡದ ಪೆಟ್ಟಿಗೆಯೆಂದರೆ ಕಾಮ. ಚಿತ್ರವೊಂದನ್ನು ಅಚ್ಚುಹಾಕಿ ಕೆಳಗೆ ನೀತಿವಾಕ್ಯ ಬರೆಯುವ ಪುಸ್ತಕಗಳು ಆ ಕಾಲದ ಹಾಲೆಂಡಿನಲ್ಲಿ ಮನೆಮಾತಾಗಿದ್ದುವು. 1614ರಲ್ಲಿ ಪ್ರಕಟವಾದ ರೋಮರ್ ವಿಸ್ಸರನ ಪುಸ್ತಕ ಅವುಗಳಲ್ಲೊಂದು. ಚಿತ್ರಕಾರರೂ ಅದೇ ಭಾಷೆಯಲ್ಲಿ ಮಾತನಾಡಿದರು ಎಂಬುದು ಇವರ ವಾದ. 1976ರಲ್ಲಿ ಎಡ್ಡಿ ಡೆ ಯೋಂಗ್ ಅವರು ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಏರ್ಪಡಿಸಿದ ಪ್ರದರ್ಶನ ಈ ಪಕ್ಷಕ್ಕೆ ದೊಡ್ಡ ಬಲ ತಂದಿತು. ಇನ್ನೊಂದು ಪಕ್ಷದ ಮುಖ್ಯ ವಕ್ತಾರರು ಸ್ವೆಟ್ಲಾನಾ ಆಲ್ಪರ್ಸ್. 1983ರ ತಮ್ಮ ಗ್ರಂಥದಲ್ಲಿ ಅವರು, ಡಚ್ ಚಿತ್ರಕಾರ ಉಪದೇಶಕನಲ್ಲ, ನೋಡುವವನು. ಭೂಪಟ ಬರೆಯುವವನ ಹಾಗೆ, ಮಸೂರದಲ್ಲಿ ಇಣುಕುವವನ ಹಾಗೆ, ಕಂಡುದನ್ನು ವರ್ಣಿಸುವುದರಲ್ಲೇ ಅವನ ಜ್ಞಾನವಿದೆ ಎಂದು ವಾದಿಸಿದರು.

ಎರಡು ಪಕ್ಷಗಳಿಗೂ ಆಧಾರವಿದೆ. ನಿಕೊಲಾಸ್ ಮಾಸ್ 1655ರಲ್ಲಿ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, 'ಸೋಮಾರಿ ಆಳು' ಎಂಬ ಚಿತ್ರವನ್ನು ತೆಗೆದುಕೊಳ್ಳಿ. ಮನೆಗೆಲಸದವಳು ಕೈಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಾಳೆ. ತೊಳೆಯದ ಪಾತ್ರೆಗಳು ನೆಲದ ಮೇಲೆ ಹರಡಿವೆ. ಹಿಂದೆ ಬೆಕ್ಕು, ಅಡಿಗೆಗೆ ತಂದ ಕೋಳಿಯನ್ನು ಕಚ್ಚಿಕೊಂಡಿದೆ. ಪಕ್ಕದಲ್ಲಿ ಮನೆಯೊಡತಿ ನಿಂತು, ಮುಗುಳ್ನಗುತ್ತ, ನಮ್ಮ ಕಡೆಗೆ ನೋಡಿ, "ಕಂಡಿರಾ ಇವಳ ಅವಸ್ಥೆ?" ಎನ್ನುವಂತೆ ಕೈಚಾಚಿ ತೋರಿಸುತ್ತಿದ್ದಾಳೆ. ಇದು ಪಾಠವೇ ಸರಿ, ಸಂದೇಹವಿಲ್ಲ. ಯಾನ್ ಸ್ಟೇನನ ಗಲಭೆಯ ಮನೆಗಳೂ ಹಾಗೆಯೇ. ವಿಯೆನ್ನಾದಲ್ಲಿರುವ ಅವನ 1663ರ ಚಿತ್ರವೊಂದರಲ್ಲಿ ಮಗು, ಹಂದಿ, ಕೋತಿ, ಕುಡಿದ ಯಜಮಾನ ಎಲ್ಲವೂ ಒಂದೇ ಕೋಣೆಯಲ್ಲಿ. ಸುಖದಲ್ಲಿ ಮೈಮರೆಯಬೇಡ ಎಂಬ ಎಚ್ಚರಿಕೆಯನ್ನು ಒಂದು ಹಲಗೆಯ ಮೇಲೆ ಬರೆದೇ ಇಟ್ಟಿದ್ದಾನೆ. ಇಂದಿಗೂ ಅಸ್ತವ್ಯಸ್ತವಾದ ಸಂಸಾರಕ್ಕೆ ಡಚ್ಚರು 'ಯಾನ್ ಸ್ಟೇನನ ಮನೆ' ಎನ್ನುತ್ತಾರೆ.

ಆದರೆ ಪೀಟರ್ ಡೆ ಹೂಖ್‌ನ ಚಿತ್ರಕ್ಕೆ ಬಂದಾಗ ಈ ಪಾಠದ ಕೀಲಿ ಸರಿಯಾಗಿ ತಿರುಗುವುದಿಲ್ಲ. ಡೆ ಹೂಖ್ 1629ರಲ್ಲಿ ರಾಟರ್‌ಡಾಮಿನಲ್ಲಿ ಹುಟ್ಟಿದವನು; ತಂದೆ ಇಟ್ಟಿಗೆ ಕಟ್ಟುವ ಗಾರೆಯವನು, ತಾಯಿ ಸೂಲಗಿತ್ತಿ. ಅವನು 1660ರ ಆಸುಪಾಸಿನಲ್ಲಿ ಬರೆದ 'ತಾಯಿಯ ಕೆಲಸ' ಎಂಬ ಚಿತ್ರ ರೈಕ್ಸ್‌ಮ್ಯೂಸಿಯಂನಲ್ಲಿದೆ. ತಾಯಿ ಕುರ್ಚಿಯಲ್ಲಿ ಕುಳಿತಿದ್ದಾಳೆ. ಮಗು ಅವಳ ಮಡಿಲಲ್ಲಿ ತಲೆಯಿಟ್ಟಿದೆ. ತಾಯಿ ಹೇನು ನೋಡುತ್ತಿದ್ದಾಳೆ. ಅಷ್ಟೇ ಸಂಗತಿ. ಹಿಂದೆ ಗೋಡೆಯೊಳಗೇ ಕಟ್ಟಿದ ಪೆಟ್ಟಿಗೆಯಂಥ ಹಾಸಿಗೆ, ಅದಕ್ಕೊಂದು ಪರದೆ. ಮುಂಭಾಗದ ಮೂಲೆಯಲ್ಲಿ ಎಳೆಯ ಮಕ್ಕಳನ್ನು ಮಲವಿಸರ್ಜನೆಗೆ ಕೂರಿಸುವ ಮರದ ಕುರ್ಚಿ. ಎಡಗಡೆ ಬಾಗಿಲು ತೆರೆದು, ಆಚೆಯ ಕೋಣೆ ಕಾಣುತ್ತದೆ, ಅದರಾಚೆ ಬಿಸಿಲು. ಪುಟ್ಟ ನಾಯಿಯೊಂದು ನಮಗೆ ಬೆನ್ನುಮಾಡಿ ಆ ಬೆಳಕಿನ ಕಡೆಗೆ ನೋಡುತ್ತ ಕುಳಿತಿದೆ.

ಹೇನು ತೆಗೆಯುವುದೆಂದರೆ ಪಾಪವನ್ನು ಹೆಕ್ಕಿ ತೆಗೆಯುವುದು, ಮಕ್ಕಳ ಮನಸ್ಸನ್ನು ಶುದ್ಧಮಾಡುವುದು ಎಂದು ಅರ್ಥ ಹೇಳಬಹುದು. ಆ ಕಾಲದ ಗಿರಾಕಿ ಹಾಗೆ ಅರ್ಥಮಾಡಿಕೊಂಡಿದ್ದರೂ ಇರಬಹುದು. ಆದರೆ ಚಿತ್ರಕಾರನ ಶ್ರಮವೆಲ್ಲ ಎಲ್ಲಿ ಹೋಗಿದೆ ನೋಡಿ. ಆಚೆಯ ಕೋಣೆಯ ಬೆಳಕು ಬಾಗಿಲನ್ನು ದಾಟಿ ಒಳಗೆ ಬರುವಾಗ ಹೇಗೆ ಮಂಕಾಗುತ್ತದೆ, ನೆಲದ ಹಾಸುಗಳ ಮೇಲೆ ಹೇಗೆ ಜಾರುತ್ತದೆ, ತಾಯಿಯ ಮುಖ ಏಕೆ ಅರೆನೆರಳಿನಲ್ಲಿರಬೇಕು ಎಂಬುದರಲ್ಲಿ ಹೋಗಿದೆ. ನೀತಿ ಹೇಳುವುದಕ್ಕೆ ಇಷ್ಟೊಂದು ಬೆಳಕು ಬೇಕಾಗಿರಲಿಲ್ಲ. ಹೇನು ನೋಡಿಸಿಕೊಳ್ಳುವಾಗ ಮಗುವಿಗೆ ಬರುವ ಜೊಂಪು, ಕುತ್ತಿಗೆ ಬಾಗಿಸಿ ಕುಳಿತ ತಾಯಿಯ ತಾಳ್ಮೆ, ಮಧ್ಯಾಹ್ನದ ಮನೆಯ ನಿಶ್ಶಬ್ದ, ಇವು ನೀತಿಗೆ ಸಿಕ್ಕದೆ ಉಳಿಯುತ್ತವೆ. ಮಾಸ್‌ನ ಚಿತ್ರದಲ್ಲಿ ನಮಗೂ ಕೆಲಸದವಳಿಗೂ ನಡುವೆ ಒಡತಿ ನಿಂತಿದ್ದಳು; ನಾವು ಅವಳ ಪಕ್ಕಕ್ಕೆ ಸೇರಿ ನಗಬೇಕಾಗಿತ್ತು. ಇಲ್ಲಿ ನಡುವೆ ಯಾರೂ ಇಲ್ಲ, ನಗುವ ಅಗತ್ಯವೂ ಇಲ್ಲ. ನೋಡುವವನನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದೇ ಇಂಥ ಚಿತ್ರದ ನಿಜವಾದ ನೀತಿ ಎಂದು ನನಗೆ ತೋರುತ್ತದೆ.

ಇನ್ನು 'ಹಾಲು ಸುರಿಯುವವಳು'. 2023ರಲ್ಲಿ ರೈಕ್ಸ್‌ಮ್ಯೂಸಿಯಂನಲ್ಲಿ ವರ್ಮೀರನ 28 ಚಿತ್ರಗಳನ್ನು ಒಂದೆಡೆ ಕೂಡಿಸಿದ್ದಾಗ ಅದನ್ನು ಕಣ್ಣಾರೆ ನೋಡುವ ಭಾಗ್ಯ ನನಗೆ ಲಭಿಸಿತು. ಅವನದೆಂದು ಇಂದು ಒಪ್ಪಿರುವ ಚಿತ್ರಗಳೇ 37ರ ಆಸುಪಾಸು. ಆದ್ದರಿಂದ ಅದು ಅಪೂರ್ವ ಸಂದರ್ಭ. ಜನಸಂದಣಿಯಲ್ಲಿ ತಲೆಗಳ ನಡುವೆ ದಾರಿಮಾಡಿಕೊಂಡು ಹತ್ತಿರ ಹೋದಾಗ ಮೊದಲು ಬೆರಗಾದದ್ದು ಅದರ ಅಳತೆಗೆ. 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ, ಒಂದು ಮಣೆಯಷ್ಟು. ಆದರೆ ಅದರೊಳಗಿನ ಹೆಂಗಸು ಕಂಬದಂತೆ ನಿಂತಿದ್ದಾಳೆ. ಇದಕ್ಕೆ ಕಾರಣವುಂಟು. ಚಿತ್ರದ ದೃಷ್ಟಿರೇಖೆಗಳೆಲ್ಲ ಅವಳ ಬಲಗೈಯ ಮೇಲ್ಗಡೆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ಚಿತ್ರಕಾರ ಸೂಜಿ ಚುಚ್ಚಿ ಗುರುತು ಮಾಡಿಕೊಂಡ ತೂತು ಪತ್ತೆಯಾಗಿದೆ. ಅಂದರೆ ನೋಡುವವನ ಕಣ್ಣು ಅವಳ ಕಣ್ಣಿಗಿಂತ ಕೆಳಗಿದೆ. ಕುಳಿತವರು ನಿಂತವರನ್ನು ನೋಡುವಂತೆ ನಾವು ಅವಳನ್ನು ನೋಡುತ್ತೇವೆ. ಅವಳು ನಮ್ಮನ್ನು ನೋಡುವುದಿಲ್ಲ. ಹಾಲಿನ ಸಣ್ಣ ಧಾರೆಯಲ್ಲಿ ಅವಳ ಮನಸ್ಸೆಲ್ಲ ನೆಟ್ಟಿದೆ. ಮೇಜಿನ ಮೇಲೆ ರೊಟ್ಟಿಯ ಚೂರುಗಳಿವೆ. ಒಣಗಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಏನೋ ತಿನಿಸು ಮಾಡುತ್ತಿದ್ದಾಳೆಂದು ಕೆಲವರ ಊಹೆ. ಊಹೆ ನಿಜವಾದರೆ ಇದು ಒಂದು ಚೂರನ್ನೂ ಹಾಳುಮಾಡದ ಅಡಿಗೆ.

ಕಿಟಕಿಯ ಒಂದು ಗಾಜು ಒಡೆದಿದೆ. ಸುಣ್ಣದ ಗೋಡೆಯಲ್ಲಿ ಒಂದು ಮೊಳೆ. ಕಿತ್ತ ಮೊಳೆಗಳ ತೂತುಗಳು. ಮೊಳೆಗೆ ಅದರದೇ ನೆರಳು. ಇದನ್ನು ನೋಡಿಯೇ ನಾನು ಸಭೆಯಲ್ಲಿ 'ಬಡವರ ಅಡಿಗೆಮನೆ' ಎಂದದ್ದು. ಇಲ್ಲಿಯೇ ನನ್ನ ತಪ್ಪು.

2022ರಲ್ಲಿ ಮ್ಯೂಸಿಯಂನ ಸಂಶೋಧಕರು ಹೊಸ ಉಪಕರಣಗಳಿಂದ ಬಣ್ಣದ ಅಡಿಯ ಪದರಗಳನ್ನು ಪರೀಕ್ಷಿಸಿ ತಿಳಿಸಿದ ಸಂಗತಿಯಿದು. ಅವಳ ತಲೆಯ ಹಿಂದಿನ ಬರಿಯ ಗೋಡೆಯ ಮೇಲೆ ವರ್ಮೀರ್ ಮೊದಲು ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು ಬರೆಯತೊಡಗಿದ್ದ. ಕೆಳಗೆ, ಈಗ ಕಾಲು ಕಾಯಿಸುವ ಪೆಟ್ಟಿಗೆಯಿರುವ ಜಾಗದಲ್ಲಿ, ಕೆಂಡವಿಟ್ಟು ಬಟ್ಟೆ ಒಣಗಿಸುವ ಬೆತ್ತದ ಬುಟ್ಟಿಯಿತ್ತು. ಎರಡನ್ನೂ ಅವನೇ ಅಳಿಸಿಹಾಕಿದ. ಗೋಡೆ ಬರಿದಾಗಿ ಕಾಣುವುದು ಮನೆಯಲ್ಲಿ ಸಾಮಾನಿಲ್ಲದ್ದರಿಂದ ಅಲ್ಲ. ಚಿತ್ರಕಾರನಿಗೆ ಬರಿಯ ಗೋಡೆ ಬೇಕಾಗಿದ್ದುದರಿಂದ. ಹೂಜಿಗಳನ್ನು ಮರೆಮಾಡಿದ ಆ ಕೈ ಮೊಳೆಯನ್ನು ಮಾತ್ರ ಉಳಿಸಿಕೊಂಡಿತು. ನಾನು ಬಡತನವೆಂದು ಓದಿಕೊಂಡದ್ದು ಕಲಾವಿದನ ಆಯ್ಕೆಯಾಗಿತ್ತು.

ಅವಳ ನೀಲಿ ಮೇಲುಡೆಯನ್ನು ನೋಡಿ. ಅದು ಲಾಜವರ್ದ ಕಲ್ಲನ್ನು ಅರೆದು ಮಾಡಿದ ನೀಲಿ. ದೂರದ ಆಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ಆ ಕಲ್ಲಿನ ಬಣ್ಣ ಚಿತ್ರಕಾರರಿಗೆ ಗೊತ್ತಿದ್ದ ಬಣ್ಣಗಳಲ್ಲೆಲ್ಲ ಅತಿ ದುಬಾರಿಯಾದುವುಗಳಲ್ಲಿ ಒಂದು. ಇಟಲಿಯವರು ಅದನ್ನು ಮೇರಿ ಮಾತೆಯ ಉಡುಪಿಗೆ ಕಾದಿರಿಸುತ್ತಿದ್ದರು. ವರ್ಮೀರ್ ಅದನ್ನು ಕೆಲಸದವಳ ಸೊಂಟಕ್ಕೆ ಕಟ್ಟಿದ. ಇದು ದೊಡ್ಡ ಮಾತೇ. ಆದರೆ ಆ ಬಣ್ಣದ ಬೆಲೆಯನ್ನು ಯಾರೋ ತೆತ್ತಿರಬೇಕಲ್ಲವೆ? ಡೆಲ್ಫ್ಟ್ ನಗರದ ಸಿರಿವಂತ ದಂಪತಿ ಪೀಟರ್ ವಾನ್ ರೂಯ್ವೆನ್ ಮತ್ತು ಮಾರಿಯಾ ಡೆ ಕ್ನೈಟ್ ವರ್ಮೀರನ ಮುಖ್ಯ ಪೋಷಕರಾಗಿದ್ದರು. ಈ ಚಿತ್ರವೂ ಅವರದೇ ಆಗಿತ್ತೆಂದು ವಿದ್ವಾಂಸರು ನಂಬುತ್ತಾರೆ. ಅವರ ಅಳಿಯನ ಸಂಗ್ರಹ 1696ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹರಾಜಾದಾಗ ಅದರಲ್ಲಿ ವರ್ಮೀರನ 21 ಚಿತ್ರಗಳಿದ್ದುವು. ಇದು 175 ಗಿಲ್ಡರ್‌ಗೆ ಹೋಯಿತು. ಇದಕ್ಕಿಂತ ಹೆಚ್ಚು ಬಂದದ್ದು ಒಂದಕ್ಕೇ. ಡೆಲ್ಫ್ಟ್ ನಗರದ ನೋಟಕ್ಕೆ, 200 ಗಿಲ್ಡರ್. ಹಾಲು ಸುರಿಯುವವಳು ಹುಟ್ಟಿನಿಂದಲೂ ಉಳ್ಳವರ ಗೋಡೆಯ ಮೇಲೆಯೇ ಇದ್ದವಳು.

ಆ ವೃದ್ಧೆ ಕೇಳಿದ ಹೆಸರಿನ ವಿಷಯಕ್ಕೆ ಈಗ ಬರುತ್ತೇನೆ. ಚಿತ್ರಕ್ಕೆ ಮಾದರಿಯಾಗಿ ನಿಂತವಳು ಯಾರೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಆದರೆ ವರ್ಮೀರನ ಅತ್ತೆ ಮಾರಿಯಾ ಥಿನ್ಸ್‌ಳ ಮನೆಯಲ್ಲಿ ಒಬ್ಬ ಕೆಲಸದವಳಿದ್ದಳು. ಅವಳ ಹೆಸರು ತನ್ನೆಕೆ ಎವರ್‌ಪೂಲ್. ಅವಳೇ ಇವಳು ಎಂದು ಕೆಲವರು ಊಹಿಸಿದ್ದಾರೆ. ಆ ಊಹೆಯ ಮೇಲೆ ನಾನು ಏನನ್ನೂ ಕಟ್ಟುವುದಿಲ್ಲ. ಅವಳ ಹೆಸರು ನಮಗೆ ತಿಳಿದಿರುವುದು ಚಿತ್ರದಿಂದಲ್ಲ, 1666ರ ಒಂದು ಸಾಕ್ಷ್ಯಪತ್ರದಿಂದ. ಆ ಮನೆಯ ಮಗ ವಿಲ್ಲೆಮ್ ಬೋಲ್ನೆಸ್ ಮಹಾಕೋಪಿಷ್ಠ. 1663ರಲ್ಲಿ ಅವನು ಮನೆಗೆ ಬಂದು ರಂಪಮಾಡಿ, ವರ್ಮೀರನ ಹೆಂಡತಿಯೂ ತನ್ನ ಸೋದರಿಯೂ ಆದ, ತುಂಬು ಗರ್ಭಿಣಿಯಾಗಿದ್ದ, ಕ್ಯಾಥರಿನಾಳ ಮೇಲೆ ತುದಿಗೆ ಕಬ್ಬಿಣದ ಮೊನೆಯಿದ್ದ ಕೋಲನ್ನು ಎತ್ತಿ ಹೋದ. ತಾನು ಅಡ್ಡ ಬಂದು ತಡೆದೆನೆಂದು ತನ್ನೆಕೆ ಹೇಳಿಕೆ ಕೊಟ್ಟಿದ್ದಾಳೆ.

ವರ್ಮೀರನ ಯಾವ ಚಿತ್ರದಲ್ಲೂ ಕೋಲು ಎತ್ತಿದವನಿಲ್ಲ, ಅಡ್ಡ ನಿಂತವಳಿಲ್ಲ. ಆ ಮನೆಯಲ್ಲಿ ಮಕ್ಕಳ ಗದ್ದಲವಿದ್ದಿರಲೇಬೇಕು. 1675ರ ಡಿಸೆಂಬರಿನಲ್ಲಿ ವರ್ಮೀರ್ ತೀರಿಕೊಂಡಾಗ 11 ಮಕ್ಕಳಿದ್ದರು. ಚಿತ್ರದಲ್ಲಿ ಅವರ ಸದ್ದೂ ಇಲ್ಲ. 1672ರಲ್ಲಿ ಫ್ರಾನ್ಸಿನವರು ದಂಡೆತ್ತಿ ಬಂದಮೇಲೆ ಚಿತ್ರಗಳ ವ್ಯಾಪಾರ ನಿಂತುಹೋಗಿ, ಮನೆ ಸಾಲದಲ್ಲಿ ಮುಳುಗಿತ್ತು. 1676ರ ಜನವರಿಯಲ್ಲಿ ವಿಧವೆ ಕ್ಯಾಥರಿನಾ ಗಂಡನ ಎರಡು ಚಿತ್ರಗಳನ್ನು ಹೆಂಡ್ರಿಕ್ ವಾನ್ ಬೈಟನ್ ಎಂಬ ರೊಟ್ಟಿಯಂಗಡಿಯವನಿಗೆ ಒಪ್ಪಿಸಿದಳು. ಅವನಿಗೆ ಬರಬೇಕಾಗಿದ್ದ ಬಾಕಿ 617 ಗಿಲ್ಡರ್. ಯಾವನ ಕುಂಚ ರೊಟ್ಟಿಯ ಹೊರಪದರದ ಮೇಲೆ ಬೆಳಕನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟಿತ್ತೋ ಅವನ ಮನೆಯಲ್ಲಿ ತಿಂದ ರೊಟ್ಟಿಗೆ ದುಡ್ಡು ಕೊಟ್ಟಿರಲಿಲ್ಲ. ಇದನ್ನು ತಿಳಿದಮೇಲೆ ಆ ಮೇಜಿನ ಮೇಲಿನ ರೊಟ್ಟಿಯನ್ನು ಮೊದಲಿನ ಹಾಗೆ ನೋಡುವುದು ನನಗಂತೂ ಸಾಧ್ಯವಾಗಿಲ್ಲ.

ಹಾಗಾದರೆ ಚಿತ್ರ ಸುಳ್ಳೆ? ಮನೆಯೊಳಗಿನ ಜಗಳ, ಸಾಲ, ಆಳಿನ ದಣಿವು ಇವನ್ನೆಲ್ಲ ಒರೆಸಿ, ಕೊಳ್ಳುವವನ ಕಣ್ಣಿಗೆ ಹಿತವಾದ ಶಾಂತಿಯನ್ನು ಬರೆದುಕೊಟ್ಟ ವಂಚನೆಯೆ? ಹೀಗೆ ಹೇಳುವ ವಿಮರ್ಶಕರೂ ಇದ್ದಾರೆ. ಅವರ ಮಾತನ್ನು ಪೂರ್ತಿ ಒಪ್ಪಲು ನನ್ನಿಂದಾಗದು. ಹೋಲಿಕೆಗೆ ನಿಜವಾಗಿ ಬಡವರನ್ನೇ ಬರೆದ ಒಬ್ಬನನ್ನು ನೋಡೋಣ. ಹಾರ್ಲೆಮ್ ನಗರದ ಆಡ್ರಿಯಾನ್ ವಾನ್ ಓಸ್ಟಾಡೆ (1610–1685) ರೈತರ ಗುಡಿಸಲುಗಳನ್ನು ಜೀವಮಾನವೆಲ್ಲ ಬರೆದ. ತಾರುಣ್ಯದ ಚಿತ್ರಗಳಲ್ಲಿ ಅವನ ರೈತರು ಕುಡಿಯುತ್ತಾರೆ, ಬಡಿದಾಡುತ್ತಾರೆ, ಅವರ ಮುಖಗಳು ಮುಖಗಳಂತೆಯೇ ಇಲ್ಲ. ಪೇಟೆಯ ಗಿರಾಕಿ ನಗುವುದಕ್ಕಾಗಿಯೇ ಬರೆದ ಹಾಗಿವೆ. ವಯಸ್ಸಾದಂತೆ ಓಸ್ಟಾಡೆಯ ಗುಡಿಸಲಿಗೆ ಕಿಟಕಿಯಿಂದ ಬೆಳಕು ಬಂತು, ತಾಯಿತಂದೆಗಳು ಮಕ್ಕಳ ಪಕ್ಕದಲ್ಲಿ ಒಲೆಯ ಬಳಿ ಕುಳಿತರು, ಮುಖಗಳು ಮನುಷ್ಯರ ಮುಖಗಳಾದುವು. ಕೊಳ್ಳುವವರು ಮೊದಲೂ ಉಳ್ಳವರು, ಆಮೇಲೂ ಉಳ್ಳವರೇ. ಬದಲಾದದ್ದು ಚಿತ್ರಕಾರ ನೋಡಿದ ಬಗೆ. ಗಿರಾಕಿಯೊಬ್ಬನೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಈ ಬದಲಾವಣೆಯನ್ನು ಪೂರ್ತಿಯಾಗಿ ವಿವರಿಸುವುದು ಕಷ್ಟ.

ಇದರ ವಿರುದ್ಧ ದಿಕ್ಕಿನ ದೃಷ್ಟಾಂತವೂ ಉಂಟು. ಡೆ ಹೂಖ್ 1660ರ ಸುಮಾರಿಗೆ ಡೆಲ್ಫ್ಟ್ ಬಿಟ್ಟು ಆಮ್‌ಸ್ಟರ್‌ಡಾಮಿಗೆ ಹೋದ. ಬರುಬರುತ್ತ ಅವನ ಚಿತ್ರಗಳ ಇಟ್ಟಿಗೆಯಂಗಳ ಹೋಗಿ ಅಮೃತಶಿಲೆಯ ನೆಲ ಬಂತು. ಸುಣ್ಣದ ಗೋಡೆ ಹೋಗಿ ಚಿನ್ನದ ಬಣ್ಣದ ತೊಗಲಿನ ಹೊದಿಕೆ ಬಂತು. ಜರತಾರಿ ಉಡುಪಿನ ಹೆಂಗಸರು, ಸಂಗೀತವಾದ್ಯಗಳು ಬಂದುವು. ಕೈಚಳಕ ಕಡಿಮೆಯಾಯಿತೆನ್ನಲಾರೆ. ಆದರೆ ಇಟ್ಟಿಗೆಯೊಂದರ ಸವೆದ ಅಂಚನ್ನು ನೋಡುತ್ತಿದ್ದ ಕಣ್ಣು, ಸಾಮಾನುಗಳ ಪಟ್ಟಿ ಬರೆಯುವ ಕಣ್ಣಾಗಿಬಿಟ್ಟಿತು. ಲಂಡನ್ನಿನಲ್ಲಿರುವ ಅವನ 1658ರ 'ಡೆಲ್ಫ್ಟ್ ಮನೆಯೊಂದರ ಅಂಗಳ'ದಲ್ಲಿ ಕೆಲಸದವಳು ಮಗುವಿನ ಕೈಹಿಡಿದು ನಿಂತಿದ್ದಾಳೆ. ಮಗು ಅವಳ ಮುಖವನ್ನೂ ಅವಳು ಮಗುವಿನ ಮುಖವನ್ನೂ ನೋಡುತ್ತಿದ್ದಾರೆ. ಮುಂದಿನ ಎಷ್ಟೋ ಚಿತ್ರಗಳಲ್ಲಿ ನೆಲದ ಹೊಳಪೇ ಅಂಥ ನೋಟಕ್ಕಿಂತ ಮುಂದಾಯಿತು.

ಇಷ್ಟನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇದು. ಡಚ್ ಚಿತ್ರಕಾರರು ಮನೆಗೆಲಸದವಳಿಗೆ ಮಾನ ಕೊಟ್ಟರು ಎಂದು ನಾನು ಹೇಳಬಾರದಾಗಿತ್ತು. ಮಾನ ಎಂಬುದರೊಳಗೆ ಹೆಸರು ಸೇರಿದೆ, ಕೂಲಿ ಸೇರಿದೆ, ಬೇಡವೆನ್ನುವ ಹಕ್ಕು ಸೇರಿದೆ. ಅದನ್ನು ಕೊಡುವ ಶಕ್ತಿ ವರ್ಮೀರನಿಗೂ ಇರಲಿಲ್ಲ, ಅವನ ಕಾಲಕ್ಕೂ ಇರಲಿಲ್ಲ. ಅವರಲ್ಲಿ ಶ್ರೇಷ್ಠರಾದವರು ಕೊಟ್ಟದ್ದು ಗಮನ. ಹಾಲು ಬಗ್ಗಿಸುವಾಗ ಎಡಗೈ ಹೂಜಿಯ ಭಾರವನ್ನು ಹೇಗೆ ತಾಳುತ್ತದೆ, ಮೇಲಕ್ಕೆ ಸರಿಸಿದ ತೋಳಿನ ಕೆಳಗೆ ಬಿಸಿಲು ಕಾಣದ ಚರ್ಮ ಎಷ್ಟು ಬೆಳ್ಳಗಿದೆ, ಕೆಲಸ ಮಾಡಿದ ಮಣಿಕಟ್ಟು ಎಷ್ಟು ಕೆಂಪಗಿದೆ ಎಂಬುದನ್ನು, ನಗದೆ, ಮರುಗದೆ, ಬುದ್ಧಿ ಹೇಳದೆ ನೋಡಿದ ಗಮನ. ಇದು ಮಾನಕ್ಕಿಂತ ಕಡಿಮೆಯದು. ಆದರೂ ಅಲ್ಪವಾದುದಲ್ಲ. ಮಾಸ್‌ನ ಒಡತಿಯ ಪಕ್ಕದಲ್ಲಿ ನಿಂತು ನಗುವುದನ್ನು ಕಲಿತ ಕಣ್ಣಿಗೂ, ಈ ಗೋಡೆಯ ಮುಂದೆ ತಗ್ಗಿನಲ್ಲಿ ಕುಳಿತು ನೋಡುವುದನ್ನು ಕಲಿತ ಕಣ್ಣಿಗೂ ಅಂತರವಿದೆ. ಎರಡನೆಯದು ತನ್ನ ಮನೆಗೆ ಮರಳಿದಾಗ ಅಲ್ಲಿ ಪಾತ್ರೆ ತೊಳೆಯುತ್ತಿರುವವರನ್ನು ಬೇರೆ ಬಗೆಯಲ್ಲಿ ಕಾಣಬಹುದು. ಕಂಡೇ ಕಾಣುತ್ತದೆ ಎಂದು ಭರವಸೆ ಕೊಡುವ ಧೈರ್ಯ ನನಗಿಲ್ಲ.

ಗಮನವನ್ನೇ ಮಾನವೆಂದು ತಿಳಿದು ತೃಪ್ತರಾಗುವುದು ನೋಡುವವರ ತಪ್ಪು; ಚಿತ್ರದ ತಪ್ಪಲ್ಲ. ವಸ್ತುಸಂಗ್ರಹಾಲಯದಲ್ಲಿ ಅವಳ ಮುಂದೆ ಅರ್ಧ ಗಂಟೆ ನಿಂತು ಕಣ್ಣು ತುಂಬಿಕೊಂಡ ನಾವು, ಹೊರಗೆ ಬಂದು ಕಾಫಿ ತಂದಿಟ್ಟವರ ಮುಖವನ್ನು ನೋಡಿದೆವೆ? ನಾನು ನೋಡಿರಲಿಲ್ಲ. ಆ ದಿನ ರಾತ್ರಿ ತಂಗಿದ್ದ ಕೋಣೆಯಲ್ಲಿ ಚಿತ್ರದ ಅಚ್ಚನ್ನು ಮತ್ತೆ ತೆರೆದು ಕುಳಿತಾಗ ಇದು ನೆನಪಾಗಿ ನಾಚಿಕೆಯಾಯಿತು.

ಆ ವೃದ್ಧೆಯನ್ನು ಮತ್ತೆ ಕಾಣುವ ಅವಕಾಶ ಒದಗಿಲ್ಲ. ಒದಗಿದರೆ ಹೇಳಬೇಕೆಂದಿದ್ದೇನೆ: ತಾಯಿ, ಚಿತ್ರದಲ್ಲಿರುವವಳ ಹೆಸರು ನನಗೆ ಈಗಲೂ ತಿಳಿಯದು. ಅದೇ ಊರಿನಲ್ಲಿ, ಅದೇ ಚಿತ್ರಕಾರನ ಅತ್ತೆಯ ಮನೆಯಲ್ಲಿ, ತುಂಬು ಗರ್ಭಿಣಿಗೆ ಅಡ್ಡ ನಿಂತ ಒಬ್ಬ ಕೆಲಸದವಳ ಹೆಸರು ಮಾತ್ರ ಸಿಕ್ಕಿದೆ. ಅವಳ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ. ನೀವು ಕೇಳಿದ್ದಿರದಿದ್ದರೆ ನಾನು ಆ ಹೆಸರನ್ನೂ ಹುಡುಕುತ್ತಿರಲಿಲ್ಲ.